ಎಎನ್‌ಎಂ ಓದಬೇಕಾ, ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಬೇಕಾ? ನಮ್ಮ ಕಡೆಯ ಮಕ್ಕಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಪಿಯುಸಿ ಫಲಿತಾಂಶ ಬಂದ ವಾರ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ನಮ್ಮೂರು ಇರುವುದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ. ನರ್ಸಿಂಗ್ ಓದಿದ್ದು ಬಳ್ಳಾರಿಯಲ್ಲಿ. ಈಗ ಕೆಲಸ ರಾಯಚೂರು ಜಿಲ್ಲೆಯ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ. ಹಾಗಾಗಿ ಮೂರೂ ಜಿಲ್ಲೆಯ ನೆಂಟರು, ಗೆಳತಿಯರು ತಮ್ಮ ಮಕ್ಕಳ ಬಗ್ಗೆ ಕೇಳುತ್ತಾರೆ: ಎರಡು ವರ್ಷದ ಎಎನ್‌ಎಂ (ಆಕ್ಸಿಲರಿ ನರ್ಸ್ ಮಿಡ್‌ವೈಫ್) ಸಾಕಾ, ಮೂರು ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಬೇಕಾ, ನಾಲ್ಕು ವರ್ಷ ಬಿಎಸ್ಸಿ ಓದಿದರೆ ಏನು ಜಾಸ್ತಿ ಸಿಗುತ್ತದೆ?

ಎಲ್ಲರೂ ವರ್ಷದ ಲೆಕ್ಕ ಹಾಕುತ್ತಾರೆ. ನಮ್ಮ ಚಿಕ್ಕಮ್ಮನ ಮಗಳೂ ಹಾಗೇ ಹಾಕಿದಳು. "ಅಕ್ಕಾ, ಒಂದೇ ವರ್ಷದ ಪ್ರಾಕ್ಟಿಕಲ್ ನರ್ಸಿಂಗ್ ಐತಂತ. ಮುಗಿದ ಕೂಡ್ಲೇ ಸರ್ಕಾರಿ ನೌಕರಿಗೆ ಅರ್ಜಿ ಹಾಕಬಹುದಂತ" ಎಂದು ನನಗೆ ಫೋನ್ ಮಾಡಿದಾಗ ಅವಳು ಫೀಸು ಕಟ್ಟಿ ಆಗಿತ್ತು. ಒಂದು ವರ್ಷ ನಿಯತ್ತಾಗಿ ಹೋದಳು. ಚಂದದ ಸರ್ಟಿಫಿಕೇಟೂ ಬಂತು. ಆಮೇಲೆ ಒಂದು ನೇಮಕಾತಿಗೆ ಅರ್ಜಿ ತುಂಬಲು ಕೂತಾಗ ಒಂದು ಕಾಲಂ ಹತ್ತಿರ ಕೈ ನಿಂತುಹೋಯಿತು. ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ. ಅವಳಲ್ಲಿ ಅದು ಇರಲಿಲ್ಲ, ಆ ಕೋರ್ಸಿನಿಂದ ಎಂದಿಗೂ ಬರುವಂತೆಯೂ ಇರಲಿಲ್ಲ. ಅವತ್ತು ಚಿಕ್ಕಮ್ಮ ಅಡುಗೆಮನೆಯಲ್ಲಿ ಕೂತು ಅತ್ತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಈ ಬರಹ ಅದಕ್ಕೇ.

ಹೆಜ್ಜೆ 1: ಮೊದಲು ಕೇಳಬೇಕಾದ್ದು "ಎಷ್ಟು ವರ್ಷ" ಅಲ್ಲ, "ಯಾವ ನೋಂದಣಿ"

ನಮ್ಮ ದೇಶದಲ್ಲಿ ನರ್ಸ್ ಆಗಿ ಕೆಲಸ ಮಾಡಲು ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿರಬೇಕು. ನಮಗೆ ಅದು ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್. ನೋಂದಣಿ ಒಂದೇ ಥರ ಇರುವುದಿಲ್ಲ. ಎಎನ್‌ಎಂ ಮುಗಿಸಿದವರ ಹೆಸರು ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ಎಂದು ದಾಖಲಾಗುತ್ತದೆ. ಜಿಎನ್‌ಎಂ ಮುಗಿಸಿದವರದ್ದೂ ಬಿಎಸ್ಸಿ ಮುಗಿಸಿದವರದ್ದೂ ರಿಜಿಸ್ಟರ್ಡ್ ನರ್ಸ್, ರಿಜಿಸ್ಟರ್ಡ್ ಮಿಡ್‌ವೈಫ್ ಎಂದು ದಾಖಲಾಗುತ್ತದೆ. ಅಂದರೆ ದೊಡ್ಡ ಗೆರೆ ಇರುವುದು ಎಎನ್‌ಎಂ ಮತ್ತು ಜಿಎನ್‌ಎಂ ನಡುವೆ. ಜಿಎನ್‌ಎಂ ಮತ್ತು ಬಿಎಸ್ಸಿ ಇಬ್ಬರೂ ಗೆರೆಯ ಒಂದೇ ಕಡೆ ಇದ್ದಾರೆ. ಇದು ಗೊತ್ತಿಲ್ಲದೆ ಎಷ್ಟೋ ಜನ "ಜಿಎನ್‌ಎಂ ಬರೀ ಡಿಪ್ಲೊಮಾ, ಅದು ನರ್ಸ್ ಅಲ್ಲ" ಎಂದು ಹೇಳುತ್ತಾರೆ. ತಪ್ಪು.

"ಪ್ರಾಕ್ಟಿಕಲ್ ನರ್ಸ್" ಎಂಬ ಪದ ಬಂದಿರುವುದು ಅಮೆರಿಕ, ಕೆನಡಾ ಕಡೆಯಿಂದ. ಅಲ್ಲಿ ಸುಮಾರು ಒಂದು ವರ್ಷದಿಂದ ಎರಡು ವರ್ಷ ಓದಿ, ಪರೀಕ್ಷೆ ಪಾಸಾಗಿ, ಲೈಸೆನ್ಸ್ ಪಡೆದು, ರಿಜಿಸ್ಟರ್ಡ್ ನರ್ಸ್ ಅಥವಾ ಡಾಕ್ಟರ ಕೈಕೆಳಗೆ ಕೆಲಸ ಮಾಡುವವರಿಗೆ ಆ ಹೆಸರು. ನಮ್ಮಲ್ಲಿ ಆ ಹೆಸರಿನ ನೋಂದಣಿಯೇ ಇಲ್ಲ. ಹತ್ತಿರದ್ದು ಅಂದರೆ ಎಎನ್‌ಎಂ. ಆದರೆ ಎಎನ್‌ಎಂ ಕೆಲಸ ಹಳ್ಳಿಯ ತಾಯಿ-ಮಗುವಿನ ಸುತ್ತ ಬೆಳೆದದ್ದು, ವಾರ್ಡಿನ ಸಹಾಯಕಿಯ ಕೆಲಸವಲ್ಲ. ಹಾಗಾಗಿ ನಮ್ಮ ಕಡೆ ಯಾರಾದರೂ ಆರು ತಿಂಗಳ, ಒಂದು ವರ್ಷದ "ಪ್ರಾಕ್ಟಿಕಲ್ ನರ್ಸಿಂಗ್", "ನರ್ಸಿಂಗ್ ಅಸಿಸ್ಟೆಂಟ್" ಎಂದರೆ ಒಂದೇ ಪ್ರಶ್ನೆ ಕೇಳಿ: ಇದು ಮುಗಿದ ಮೇಲೆ ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನಲ್ಲಿ ನನ್ನ ಹೆಸರು ಯಾವ ಪಟ್ಟಿಗೆ ಬರುತ್ತದೆ? ಉತ್ತರ ತಡವರಿಸಿದರೆ ಎದ್ದು ಬನ್ನಿ. ರೋಗಿಗಳ ಆರೈಕೆಯ ಸಹಾಯಕರ ಕೋರ್ಸುಗಳು ಇವೆ, ಅವುಗಳಿಂದ ಕೆಲಸವೂ ಸಿಗುತ್ತದೆ. ಅದು ಬೇಕಿದ್ದರೆ ಓದಿ. ಆದರೆ ಅದನ್ನು ನರ್ಸಿಂಗ್ ಎಂದು ನಂಬಿ ದುಡ್ಡು ಕಟ್ಟಬೇಡಿ.

ಹೆಜ್ಜೆ 2: ನಿಮ್ಮ ಪಿಯುಸಿ ಮಾರ್ಕ್ಸ್ ಕಾರ್ಡ್ ಮುಂದಿಟ್ಟುಕೊಳ್ಳಿ

ಎಎನ್‌ಎಂ ಎರಡು ವರ್ಷ. ಹೆಣ್ಣುಮಕ್ಕಳಿಗೆ ಮಾತ್ರ. ಹಿಂದೆ ಎಸ್‌ಎಸ್‌ಎಲ್‌ಸಿ ಸಾಕಿತ್ತು, ಈಗ ಪಿಯುಸಿ ಪಾಸಾಗಿರಬೇಕು. ಕಲಾ ವಿಭಾಗ ಆದರೂ ನಡೆಯುತ್ತದೆ.

ಜಿಎನ್‌ಎಂ ಮೂರು ವರ್ಷ, ಕೊನೆಯ ಆರು ತಿಂಗಳ ಇಂಟರ್ನ್‌ಶಿಪ್ ಇದರಲ್ಲೇ ಸೇರಿದೆ. ಹಳಬರು ಮೂರೂವರೆ ವರ್ಷ ಎನ್ನುತ್ತಾರೆ, ಅವರ ಕಾಲದಲ್ಲಿ ಹಾಗಿತ್ತು. ಯಾವ ವಿಭಾಗದ ಪಿಯುಸಿ ಆದರೂ ಸರಿ, ಇಂಗ್ಲಿಷ್ ಓದಿರಬೇಕು, ಶೇ 40 ಅಂಕ ಇರಬೇಕು. ಗಂಡುಮಕ್ಕಳೂ ಸೇರಬಹುದು.

ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಇದಕ್ಕೆ ಸೈನ್ಸ್ ಬೇಕೇ ಬೇಕು: ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಜೊತೆಗೆ ಇಂಗ್ಲಿಷ್. ಸಾಮಾನ್ಯ ವರ್ಗಕ್ಕೆ ಶೇ 45, ಎಸ್‌ಸಿ-ಎಸ್‌ಟಿಗೆ ಶೇ 40. ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಡಿಯಲ್ಲಿ ಬರುತ್ತವೆ. ಸರ್ಕಾರಿ ಕೋಟಾದ ಸೀಟು ಬೇಕಿದ್ದರೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಸಿಇಟಿ ಬರೆಯಬೇಕು. ಇಲ್ಲೇ ನಮ್ಮ ಮಕ್ಕಳು ಜಾಸ್ತಿ ಎಡವುವುದು. ಸಿಇಟಿ ಎಂದರೆ ಎಂಜಿನಿಯರಿಂಗ್‌ಗೆ ಮಾತ್ರ ಎಂದುಕೊಂಡು ಅರ್ಜಿಯನ್ನೇ ಹಾಕಿರುವುದಿಲ್ಲ. ಫಲಿತಾಂಶ ಬಂದ ಮೇಲೆ ನೆನಪಾದರೆ ಕಾಲ ಮಿಂಚಿರುತ್ತದೆ. ದ್ವಿತೀಯ ಪಿಯುಸಿ ಓದುವಾಗಲೇ, ಪರೀಕ್ಷೆಗೂ ಮೊದಲೇ ಅರ್ಜಿ ಹಾಕಿ ಇಡಿ.

ಮೂರಕ್ಕೂ ಕನಿಷ್ಠ ವಯಸ್ಸು 17.

ಹೀಗಾಗಿ ಕಲಾ ವಿಭಾಗದವರಿಗೆ ಇರುವ ಆಯ್ಕೆ ಎಎನ್‌ಎಂ ಅಥವಾ ಜಿಎನ್‌ಎಂ. ಹುಡುಗರಿಗೆ ಜಿಎನ್‌ಎಂ ಅಥವಾ ಬಿಎಸ್ಸಿ. ಸೈನ್ಸ್ ಓದಿದ ಹುಡುಗಿಗೆ ಮಾತ್ರ ಮೂರೂ ಬಾಗಿಲು ತೆರೆದಿವೆ.

ಹೆಜ್ಜೆ 3: ಎರಡೂ ಕೆಲಸವನ್ನು ಕಣ್ಣಾರೆ ನೋಡಿ

ಇದನ್ನು ಯಾರೂ ಮಾಡುವುದಿಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಒಂದು ಗುರುವಾರ ನಿಮ್ಮೂರಿನ ಅಂಗನವಾಡಿಗೆ ಹೋಗಿ. ನಮ್ಮ ರಾಜ್ಯದಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ದಿನ ಅದು. ಎಎನ್‌ಎಂ ಸಿಸ್ಟರ್ ಐಸ್‌ಪ್ಯಾಕ್ ತುಂಬಿದ ಲಸಿಕೆ ಡಬ್ಬಿ ಹಿಡಿದು ಬಂದಿರುತ್ತಾರೆ. ಈಗ ಅವರ ಹುದ್ದೆಯ ಹೆಸರು ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ, ಆದರೆ ಊರಿಗೆ ಅವರು ಸಿಸ್ಟರೇ. ಬಯಲುಸೀಮೆಯಲ್ಲಿ ಒಂದು ಆರೋಗ್ಯ ಉಪಕೇಂದ್ರಕ್ಕೆ 5,000 ಜನ ಎಂಬುದು ಲೆಕ್ಕ. ಆ ಜನರಲ್ಲಿ ಯಾರು ಬಸುರಿ, ಯಾರಿಗೆ ರಕ್ತ ಕಡಿಮೆ, ಯಾವ ಕೂಸಿಗೆ ಒಂದೂವರೆ ತಿಂಗಳ ಚುಚ್ಚುಮದ್ದು ಬಾಕಿ, ಎಲ್ಲ ಅವರ ರಿಜಿಸ್ಟರಿನಲ್ಲೂ ತಲೆಯಲ್ಲೂ ಇರಬೇಕು.

ಅವರು ದಡಾರ-ರುಬೆಲ್ಲಾ ಲಸಿಕೆಯ ಬಾಟಲಿ ಒಡೆಯುವಾಗ ಗಮನಿಸಿ. ಪುಡಿಗೆ ದ್ರಾವಣ ಸೇರಿಸಿದ ಕೂಡಲೇ ಮೇಲೆ ಸಮಯ ಬರೆಯುತ್ತಾರೆ. ನಾಲ್ಕು ಗಂಟೆ ದಾಟಿದರೆ ಆ ಬಾಟಲಿ ಎಸೆಯಬೇಕು. ಹತ್ತಿ ಬಿಡಿಸುವ ಕಾಲದಲ್ಲಿ ತಾಯಂದಿರು ಹೊಲದಿಂದ ಬರುವುದೇ ಸಂಜೆ. ಆ ಹೊತ್ತಿಗೆ ಒಂದೇ ಒಂದು ಕೂಸು ಬಂದರೂ ಅದನ್ನು ವಾಪಸ್ ಕಳಿಸುವಂತಿಲ್ಲ, ಹೊಸ ಬಾಟಲಿ ಒಡೆಯಲೇಬೇಕು. ಬರದೇ ಇದ್ದ ಮನೆಗೆ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ನಡೆಯಬೇಕು. ಸಿಂಧನೂರು, ಗಂಗಾವತಿ ಕಡೆಯ ಕ್ಯಾಂಪುಗಳಲ್ಲಿ (ನೀರಾವರಿ ಜಮೀನಿಗೆ ವಲಸೆ ಬಂದವರು ನೆಲೆಸಿದ ಊರುಗಳು) ಬೇಸಿಗೆಯಲ್ಲಿ ಆ ನಡಿಗೆ ಅಂದರೆ ಏನು ಎಂದು ನಿಮಗೇ ಗೊತ್ತು. ಬೆಂಗಳೂರಿಗೆ ದುಡಿಯಲು ಹೋದ ಕುಟುಂಬದ ಮಗುವಿನ ಲಸಿಕೆ ಎಲ್ಲಿಗೆ ಬಂತು ಎಂದು ಫೋನ್ ಮಾಡಿ ಕೇಳುವುದೂ ಇವರದೇ ಕೆಲಸ.

ಇನ್ನೊಂದು ದಿನ ಜಿಲ್ಲಾ ಆಸ್ಪತ್ರೆಗೆ ಹೋಗಿ. ಬಳ್ಳಾರಿಯಲ್ಲಿ ನಾವೆಲ್ಲ ವಿಮ್ಸ್ ಎನ್ನುವ ದೊಡ್ಡಾಸ್ಪತ್ರೆ ಇದೆ. ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ನಿಮ್ಮ ನೆಂಟರು ಯಾರಾದರೂ ದಾಖಲಾಗಿದ್ದರೆ ಅವರ ಪಕ್ಕ ಒಂದು ರಾತ್ರಿ ಕೂತು ವಾರ್ಡಿನ ಸಿಸ್ಟರುಗಳನ್ನು ನೋಡಿ. ನಮ್ಮದು ಮೂರು ಪಾಳಿ: ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 8, ಆಮೇಲೆ ರಾತ್ರಿ 8ರಿಂದ ಬೆಳಿಗ್ಗೆ 8. ರಾತ್ರಿ ಪಾಳಿಯಲ್ಲಿ ಬೆಳಗಿನ ಜಾವ ಮೂರು ಗಂಟೆಗೆ ಅವರ ಮುಖ ಹೇಗಿರುತ್ತದೆ, ಕೈ ಹೇಗೆ ಓಡುತ್ತದೆ ನೋಡಿ.

ಎರಡೂ ಕೆಲಸದ ವ್ಯತ್ಯಾಸ ಒಬ್ಬಳೇ ಗರ್ಭಿಣಿಯಲ್ಲಿ ನನಗೆ ಕಾಣಿಸಿತ್ತು. ಕ್ಯಾಂಪಿನ ಹುಡುಗಿ, ಚೊಚ್ಚಲು, ಎಂಟು ತಿಂಗಳು. ಬಿಪಿ ಏರಿ ಫಿಟ್ಸ್ ಬಂದಿತ್ತು. ಅಲ್ಲಿನ ಎಎನ್‌ಎಂ ಸಿಸ್ಟರ್ ಅವಳನ್ನು ಎಡ ಮಗ್ಗುಲಿಗೆ ಮಲಗಿಸಿ, ಎರಡೂ ಪಿರ್ರೆಗೆ ಫಿಟ್ಸ್ ತಡೆಯುವ ಮ್ಯಾಗ್ನೀಷಿಯಂ ಸಲ್ಫೇಟ್ ಐದೈದು ಗ್ರಾಂ ಮೊದಲ ಡೋಸ್ ಕೊಟ್ಟು, 108 ಆಂಬುಲೆನ್ಸ್‌ಗೆ ಹತ್ತಿಸಿ ಕಳಿಸಿದ್ದರು. ಜೊತೆಗೆ ಬಂದ ಚೀಟಿಯಲ್ಲಿ ಕೊಟ್ಟ ಸಮಯ, ಬಿಪಿ ಎಲ್ಲ ಸ್ಪಷ್ಟವಾಗಿತ್ತು. ಅಲ್ಲಿಂದ ಮುಂದಿನ ರಾತ್ರಿ ನಮ್ಮದು. ಪ್ರತಿ ಡೋಸಿಗೂ ಮೊದಲು ಮೊಣಕಾಲಿಗೆ ಚಿಕ್ಕ ಸುತ್ತಿಗೆಯಿಂದ ತಟ್ಟಿ ಕಾಲು ಚಿಮ್ಮುತ್ತದಾ ನೋಡಬೇಕು. ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆ ಇರಬಾರದು. ಮೂತ್ರ ಗಂಟೆಗೆ 30 ಮಿಲಿಗಿಂತ ಕೆಳಗೆ ಇಳಿಯಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಮದ್ದು ನಿಲ್ಲಿಸಿ ಡಾಕ್ಟರನ್ನು ಎಬ್ಬಿಸಬೇಕು, ಏಕೆಂದರೆ ಅದೇ ಮದ್ದು ಮೈಯಲ್ಲಿ ಹೆಚ್ಚಾದರೆ ಉಸಿರನ್ನೇ ನಿಲ್ಲಿಸುತ್ತದೆ. ಆ ಹುಡುಗಿ ಮೂರನೇ ದಿನ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಅವಳನ್ನು ಉಳಿಸಿದ್ದು ಯಾರು ಎಂದು ಕೇಳಿದರೆ ನಾನು ಮೊದಲು ಹೆಸರಿಸುವುದು ಆ ಎಎನ್‌ಎಂ ಸಿಸ್ಟರನ್ನು.

ಹಾಗಾಗಿ ಯಾವುದು ದೊಡ್ಡದು ಎಂದು ನೋಡಬೇಡಿ. ಒಬ್ಬಳೇ ನಿಂತು, ಊರಿನ ಜನರ ಜೊತೆ ವರ್ಷಗಟ್ಟಲೆ ಬಾಳುತ್ತಾ, ಕಾಯಿಲೆ ಬರುವ ಮೊದಲೇ ತಡೆಯುವ ಕೆಲಸ ನಿಮಗೆ ಒಗ್ಗುತ್ತದಾ? ಅಥವಾ ನಾಲ್ಕು ಗೋಡೆಯೊಳಗೆ, ತಂಡದ ಜೊತೆ, ಯಂತ್ರಗಳ ನಡುವೆ, ಗಂಭೀರ ಸ್ಥಿತಿಯ ರೋಗಿಯನ್ನು ಕ್ಷಣಕ್ಷಣ ಕಾಯುವ ಕೆಲಸವಾ? ಮನಸ್ಸು ಯಾವ ಕಡೆ ವಾಲುತ್ತದೆ ಎಂಬುದು ಎರಡೂ ಕಡೆ ಹೋಗಿ ಬಂದರೆ ತಿಳಿಯುತ್ತದೆ. ಇನ್ನೊಂದು ಮಾತು. ಹಳ್ಳಿಯಲ್ಲೇ ಇರಬೇಕು ಎನ್ನುವ ರಿಜಿಸ್ಟರ್ಡ್ ನರ್ಸ್‌ಗಳಿಗೂ ದಾರಿ ಇದೆ. ಬಿಎಸ್ಸಿ ಅಥವಾ ಜಿಎನ್‌ಎಂ ಮಾಡಿ, ಸಮುದಾಯ ಆರೋಗ್ಯದ ತರಬೇತಿ ಪಡೆದವರು ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯಾಧಿಕಾರಿ ಆಗಿ ಕೆಲಸ ಮಾಡುತ್ತಿದ್ದಾರೆ.

ಹೆಜ್ಜೆ 4: ಮನೆಯ ಲೆಕ್ಕವನ್ನು ಬಾಯಿಬಿಟ್ಟು ಮಾತಾಡಿ

ಅಪ್ಪ-ಅಮ್ಮನ ಜೊತೆ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ಫೀಸು ಒಂದೇ ಬರೆದರೆ ಸಾಲದು. ಹಾಸ್ಟೆಲ್, ಊಟ, ಯೂನಿಫಾರ್ಮ್, ಪುಸ್ತಕ, ಪರೀಕ್ಷೆ ಶುಲ್ಕ, ಆಸ್ಪತ್ರೆ ಡ್ಯೂಟಿಗೆ ಬಸ್ ಖರ್ಚು, ಊರಿಗೆ ಬಂದು ಹೋಗುವ ಖರ್ಚು ಎಲ್ಲ ಸೇರಿಸಿ. ಅದರ ಪಕ್ಕ ಬರೆಯಿರಿ: ನಾನು ದುಡಿಯಲು ಶುರು ಮಾಡುವುದು ಇನ್ನೆಷ್ಟು ವರ್ಷಕ್ಕೆ?

ಮನೆಯಲ್ಲಿ ತೀರಾ ಕಷ್ಟ, ಎರಡು ವರ್ಷಕ್ಕಿಂತ ಜಾಸ್ತಿ ಆಗುವುದೇ ಇಲ್ಲ ಎಂದರೆ ಎಎನ್‌ಎಂ ಒಳ್ಳೆಯ ಆಯ್ಕೆ, ಅದರಲ್ಲಿ ಸಂಕೋಚ ಬೇಡ. ಆದರೆ "ಮೊದಲು ಎಎನ್‌ಎಂ ಮಾಡ್ತೀನಿ, ಆಮೇಲೆ ಜಿಎನ್‌ಎಂ ಮಾಡ್ತೀನಿ" ಎಂಬ ಯೋಚನೆ ಇದ್ದರೆ ಸ್ವಲ್ಪ ನಿಲ್ಲಿ. ಎಎನ್‌ಎಂ ಆದವರು ಜಿಎನ್‌ಎಂಗೆ ಸೇರಬಹುದು, ಆದರೆ ಆ ಎರಡು ವರ್ಷವನ್ನು ಜಿಎನ್‌ಎಂನ ಮೂರು ವರ್ಷದಲ್ಲಿ ಕಳೆಯುವುದಿಲ್ಲ. ಒಟ್ಟು ಐದು ವರ್ಷ ಆಗುತ್ತದೆ. ರಿಜಿಸ್ಟರ್ಡ್ ನರ್ಸ್ ಆಗುವ ಆಸೆ ಇದ್ದರೆ ನೇರ ಜಿಎನ್‌ಎಂಗೆ ಹೋಗುವುದು ಮೇಲು. ಹೆಚ್ಚಾಗುವ ಆ ಒಂದು ವರ್ಷದ ಖರ್ಚಿಗೆ ವಿದ್ಯಾರ್ಥಿವೇತನ, ಸಾಲ ಹುಡುಕಿ.

ಜಿಎನ್‌ಎಂ ಮಾಡಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿದರೆ ಪದವಿ ಸಿಗುತ್ತದೆ. ಅದೂ ಐದು ವರ್ಷವೇ, ಆದರೆ ನಡುವೆ ಕೆಲಸ ಮಾಡಿ ದುಡ್ಡು ಕೂಡಿಸಿಕೊಂಡು ಮಾಡಬಹುದು. ನಾನು ಮಾಡಿದ್ದು ಹಾಗೇ. ಸೈನ್ಸ್ ಇದ್ದು, ಸಿಇಟಿಯಲ್ಲಿ ಸರ್ಕಾರಿ ಸೀಟು ಸಿಕ್ಕರೆ ಮಾತ್ರ ಎರಡನೇ ಯೋಚನೆ ಬೇಡ, ಬಿಎಸ್ಸಿಗೇ ಸೇರಿ. ಮುಂದೆ ಎಂಎಸ್ಸಿ ಮಾಡಿ ಪಾಠ ಹೇಳಬೇಕು ಎನ್ನುವವರಿಗೂ ಅದೇ ನೇರ ದಾರಿ.

ಎಎನ್‌ಎಂ ದಾರಿಯಲ್ಲಿ ಬಡ್ತಿ ಇಲ್ಲ ಎಂದಲ್ಲ. ಸೇವೆಯಲ್ಲಿದ್ದು, ಆರು ತಿಂಗಳ ತರಬೇತಿ ಪಡೆದು ಎಲ್‌ಎಚ್‌ವಿ (ಲೇಡಿ ಹೆಲ್ತ್ ವಿಸಿಟರ್) ಆಗಿ ಹಲವು ಉಪಕೇಂದ್ರಗಳ ಮೇಲ್ವಿಚಾರಣೆ ಮಾಡಬಹುದು.

ಹೆಜ್ಜೆ 5: ಹತ್ತು ವರ್ಷ ಮುಂದಿನ ಜಾಗ ಯೋಚಿಸಿ

ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ ನಾರ್ಸೆಟ್ ಎಂಬ ಪರೀಕ್ಷೆ ಇದೆ. ಬಿಎಸ್ಸಿ ಮಾಡಿದವರು ನೋಂದಣಿ ಆದ ಕೂಡಲೇ ಬರೆಯಬಹುದು. ಜಿಎನ್‌ಎಂ ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಏಳನೇ ವೇತನ ಆಯೋಗದ ಪ್ರಕಾರ ಮೂಲ ವೇತನ 44,900 ರೂಪಾಯಿಯಿಂದ ಶುರು. ರೈಲ್ವೆಯ ನರ್ಸಿಂಗ್ ಹುದ್ದೆಗೂ ಜಿಎನ್‌ಎಂ, ಬಿಎಸ್ಸಿ ಎರಡೂ ನಡೆಯುತ್ತವೆ. ಎಎನ್‌ಎಂ ಆದವರಿಗೆ ಇವೆರಡೂ ಇಲ್ಲ.

ಹೊರದೇಶದ ಆಸೆ ಇದ್ದರೆ ರಿಜಿಸ್ಟರ್ಡ್ ನರ್ಸ್ ಆಗಿರಲೇಬೇಕು. ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಎಂಬ ಲೈಸೆನ್ಸ್ ಪರೀಕ್ಷೆ, ಬ್ರಿಟನ್ನಿಗೆ ಇಂಗ್ಲಿಷ್ ಪರೀಕ್ಷೆಯ ಜೊತೆ ಅವರದೇ ಎರಡು ಪರೀಕ್ಷೆ, ಜರ್ಮನಿಗೆ ಜರ್ಮನ್ ಭಾಷೆ. ಈಗಲೇ ಅದರ ಚಿಂತೆ ಬೇಡ, ಬಾಗಿಲು ಮುಚ್ಚಿಕೊಳ್ಳದಿದ್ದರೆ ಸಾಕು.

ಹೆಜ್ಜೆ 6: ಕಾಲೇಜನ್ನು ನೀವೇ ಹೋಗಿ ಪರೀಕ್ಷಿಸಿ

ಏಜೆಂಟ್ ಮಾತು ಕೇಳಿ, ಫೋಟೊ ನೋಡಿ ಸೇರಬೇಡಿ. ಭಾರತೀಯ ನರ್ಸಿಂಗ್ ಕೌನ್ಸಿಲ್ ಮತ್ತು ರಾಜ್ಯ ಕೌನ್ಸಿಲ್ ಜಾಲತಾಣಗಳಲ್ಲಿ ಮಾನ್ಯತೆ ಪಡೆದ ಕಾಲೇಜುಗಳ ಪಟ್ಟಿ ಇರುತ್ತದೆ. ಕಾಲೇಜಿನ ಹೆಸರು, ಊರು, ಕೋರ್ಸು, ಸೀಟಿನ ಸಂಖ್ಯೆ, ಆ ವರ್ಷ, ಐದೂ ತಾಳೆ ಆಗಬೇಕು. ಒಂದೇ ಸಂಸ್ಥೆಗೆ ಬಿಎಸ್ಸಿಗೆ ಮಾನ್ಯತೆ ಇದ್ದು ಎಎನ್‌ಎಂಗೆ ಇಲ್ಲದಿರಬಹುದು.

ಆಮೇಲೆ ಕ್ಯಾಂಪಸ್ಸಿಗೆ ಹೋಗಿ. ಕಚೇರಿಯಲ್ಲಿ ಜಾಸ್ತಿ ಹೊತ್ತು ಕೂರಬೇಡಿ, ಕೊನೆಯ ವರ್ಷದ ಹುಡುಗಿಯರನ್ನು ಹುಡುಕಿ ಮಾತಾಡಿಸಿ. "ನೀವು ಡ್ಯೂಟಿಗೆ ಯಾವ ಆಸ್ಪತ್ರೆಗೆ ಹೋಗ್ತೀರಿ? ಅಲ್ಲಿ ರೋಗಿಗಳು ಇರ್ತಾರಾ? ನಿಮ್ಮ ಕೈಯಿಂದ ಎಷ್ಟು ಹೆರಿಗೆ ಮಾಡಿಸಿದಿರಿ?" ಎಂದು ಕೇಳಿ. ನಿಯಮದ ಪ್ರಕಾರ ಒಬ್ಬ ವಿದ್ಯಾರ್ಥಿಗೆ ಮೂರು ರೋಗಿಗಳು ಸಿಗಬೇಕು. ಹಾಸಿಗೆ ಖಾಲಿ ಇರುವ ಆಸ್ಪತ್ರೆಯಲ್ಲಿ ಮೂರು ವರ್ಷ ಓದಿದವಳು ಕೆಲಸಕ್ಕೆ ಬಂದ ಮೊದಲ ರಾತ್ರಿ ಐವಿ ಹಾಕಲು ನಡುಗುತ್ತಾಳೆ. ಅಂಥ ಹುಡುಗಿಯರ ಪಕ್ಕ ನಿಂತು ಕೈ ಹಿಡಿದು ಕಲಿಸಿದ್ದೇನೆ. ತಪ್ಪು ಅವರದಲ್ಲ.

"ಕ್ಲಾಸಿಗೆ ಬರೋದು ಬೇಡ, ಪರೀಕ್ಷೆಗೆ ಬಂದರೆ ಸಾಕು" ಎನ್ನುವ ಕಾಲೇಜಿನಿಂದ ದೂರ ಇರಿ. ಪರೀಕ್ಷೆಗೆ ಕೂರಲು ಶೇ 80 ಹಾಜರಾತಿ ಬೇಕು, ಸರ್ಟಿಫಿಕೇಟ್ ಸಿಗುವ ಮೊದಲು ಪ್ರಾಕ್ಟಿಕಲ್ ಹಾಜರಾತಿ ಪೂರ್ತಿ ನೂರು ಆಗಿರಬೇಕು. ಕ್ಲಾಸಿಗೇ ಹೋಗದೆ ಪಾಸಾಗಿ ಬಂದ ನರ್ಸ್ ಕೈಗೆ ನಿಮ್ಮ ಅಮ್ಮನನ್ನು ಒಪ್ಪಿಸುತ್ತೀರಾ?

ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಭಯ ಇರುತ್ತದೆ. ನನಗೂ ಇತ್ತು. ಮೊದಲ ಆರು ತಿಂಗಳು ಅನಾಟಮಿ ಪುಸ್ತಕದ ಪ್ರತಿ ಸಾಲಿನ ಮೇಲೆ ಪೆನ್ಸಿಲ್ಲಿನಲ್ಲಿ ಕನ್ನಡ ಅರ್ಥ ಬರೆದುಕೊಂಡೆ. ಎರಡನೇ ವರ್ಷಕ್ಕೆ ಪೆನ್ಸಿಲ್ ಬೇಕಾಗಲಿಲ್ಲ. ಈ ಒಂದು ಭಯಕ್ಕೆ ಜಿಎನ್‌ಎಂ ಬಿಟ್ಟು ಎಎನ್‌ಎಂ ಆರಿಸಬೇಡಿ.

ಹೆಜ್ಜೆ 7: ಕಾಗದ ಪತ್ರ ಈಗಲೇ ಮಾಡಿಸಿ

ನಮ್ಮ ಮೂರೂ ಜಿಲ್ಲೆ ಕಲ್ಯಾಣ ಕರ್ನಾಟಕದಲ್ಲಿವೆ. ಸಂವಿಧಾನದ 371ಜೆ ವಿಧಿಯ ಪ್ರಕಾರ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70 ಸೀಟು, ಇಲ್ಲಿನ ಗ್ರೂಪ್ ಸಿ ಸರ್ಕಾರಿ ಹುದ್ದೆಗಳಲ್ಲಿ ಶೇ 80 ಮೀಸಲು. ಅದಕ್ಕೆ ಉಪವಿಭಾಗಾಧಿಕಾರಿ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಬೇಕು. ಕೌನ್ಸೆಲಿಂಗ್ ಹತ್ತಿರ ಬಂದಾಗ ಎಲ್ಲರೂ ಒಟ್ಟಿಗೆ ಓಡುತ್ತಾರೆ, ಆದ್ದರಿಂದ ಮೊದಲೇ ಮಾಡಿಸಿಡಿ. ಜಾತಿ-ಆದಾಯ ಪ್ರಮಾಣಪತ್ರ, ಒಂದನೇ ತರಗತಿಯಿಂದ ವ್ಯಾಸಂಗ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಕೂಡ. ವಿದ್ಯಾರ್ಥಿವೇತನದ ಅರ್ಜಿ ರಾಜ್ಯ ಸರ್ಕಾರದ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ. ಕಾಲೇಜಿಗೆ ಮೂಲ ಅಂಕಪಟ್ಟಿ ಕೊಟ್ಟರೆ ಬರವಣಿಗೆಯಲ್ಲಿ ರಸೀದಿ ತೆಗೆದುಕೊಳ್ಳಿ, ಕೊಡುವ ಮೊದಲು ನಾಲ್ಕೈದು ಜೆರಾಕ್ಸ್ ಮಾಡಿಸಿ.

ಕೊನೆಯದಾಗಿ ಹೆಸರಿನ ಅಕ್ಷರ. ಚಿಕ್ಕಮ್ಮನ ಮಗಳು ಈಗ ಜಿಎನ್‌ಎಂ ಎರಡನೇ ವರ್ಷದಲ್ಲಿದ್ದಾಳೆ. ಸೇರುವ ಮೊದಲು ಅವಳ ಎಲ್ಲ ಕಾಗದಗಳನ್ನು ನಮ್ಮ ಮನೆಯ ಮಂಚದ ಮೇಲೆ ಹರಡಿ ಕೂತೆವು. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ. ಹುಲಿಗೆಮ್ಮ ಎಂಬ ಹೆಸರು ಒಂದರಲ್ಲಿ ಹುಲಿಗಮ್ಮ ಆದ ಹಾಗೆ. ಅಪ್ಪನ ಇನಿಶಿಯಲ್ ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ. ಕೌನ್ಸಿಲ್ ನೋಂದಣಿಗೆ ಹೋದಾಗ ಇಂಥದ್ದು ತಿಂಗಳುಗಟ್ಟಲೆ ಅಲೆಸುತ್ತದೆ. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಇರುವಂತೆಯೇ ಆಧಾರ್, ಬ್ಯಾಂಕ್ ಖಾತೆ, ಕಾಲೇಜಿನ ಪ್ರವೇಶ ಅರ್ಜಿ ಎಲ್ಲವೂ ಇರಲಿ. ಮರುದಿನವೇ ಅವಳು ಆಧಾರ್ ಕೇಂದ್ರಕ್ಕೆ ಹೋಗಿ ಸಾಲಿನಲ್ಲಿ ನಿಂತಳು.